ಕ್ಯಾಟಲನ್ ನಾಟಕದ ಪಾತ್ರಗಳು ತಮ್ಮ ಊರಿನ ಹೆಸರು ಹೇಳತೊಡಗಿದ್ದು

ಪ್ರಶ್ನೆ: ನಮ್ಮದು ಶಿವಮೊಗ್ಗದ ಸಣ್ಣ ಹವ್ಯಾಸಿ ನಾಟಕ ತಂಡ. ಸ್ಪೇನ್ ಅಂದರೆ ನಮಗೆ ನಾಟಕಕಾರ ಲೋರ್ಕಾ ಮಾತ್ರ ಗೊತ್ತಿತ್ತು. ಈಚೆಗೆ ಗೆಳೆಯರೊಬ್ಬರು 'ಗ್ರೋನ್‌ಹೋಮ್ ವಿಧಾನ' ಎಂಬ ಒಂದು ನಾಟಕದ ಇಂಗ್ಲಿಷ್ ಪ್ರತಿ ಕೊಟ್ಟರು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆವು. ಅದು ಸ್ಪ್ಯಾನಿಷ್ ಅಲ್ಲ, ಕ್ಯಾಟಲನ್ ನಾಟಕ ಅಂತ ಆಮೇಲೆ ತಿಳಿಯಿತು. ಆ ಭಾಷೆಯಲ್ಲಿ ಈಗ ಎಂಥ ನಾಟಕಗಳು ಬರುತ್ತಿವೆ? ನಮ್ಮಂಥ ತಂಡ ಕನ್ನಡಕ್ಕೆ ತರಬಹುದಾದದ್ದು ಏನಾದರೂ ಇದೆಯಾ?

ಉತ್ತರ: ಅದು ಕ್ಯಾಟಲನ್ ನಾಟಕ ಅಂತ ನೀವು ಗುರುತಿಸಿದ್ದೇ ನನಗೆ ಖುಷಿ. ತುಂಬಾ ಜನ ಅದನ್ನು ಸ್ಪ್ಯಾನಿಷ್ ನಾಟಕ ಅಂತಲೇ ಓದಿ ಮುಗಿಸುತ್ತಾರೆ. ಕ್ಯಾಟಲನ್ ಸ್ಪ್ಯಾನಿಷ್‌ನ ಉಪಭಾಷೆ ಅಲ್ಲ. ಅದು ಲ್ಯಾಟಿನ್‌ನಿಂದ ನೇರವಾಗಿ ಬೆಳೆದ ಬೇರೆಯೇ ಭಾಷೆ. ಕ್ಯಾಟಲೋನಿಯಾ, ವೆಲೆನ್ಸಿಯಾ, ಮಯೋರ್ಕಾ ಮತ್ತು ಸುತ್ತಲಿನ ದ್ವೀಪಗಳು, ಫ್ರಾನ್ಸ್‌ನ ತೆಂಕಣ ಅಂಚಿನ ಒಂದು ತುಣುಕು, ಇಟಲಿಯ ಸಾರ್ಡೀನಿಯಾದ ಒಂದು ಊರು, ಇಷ್ಟು ಕಡೆ ಅದನ್ನು ಆಡುತ್ತಾರೆ. ಅಂಡೋರಾ ಎಂಬ ಪುಟ್ಟ ದೇಶಕ್ಕೆ ಅದೇ ಅಧಿಕೃತ ಭಾಷೆ. ಎಲ್ಲ ಸೇರಿ ಸುಮಾರು ಒಂದು ಕೋಟಿ ಜನ.

ಅಂದ ಹಾಗೆ, ನಿಮ್ಮ ಲೋರ್ಕಾಗೂ ಈ ನೆಲಕ್ಕೂ ನಂಟಿದೆ. ಅವನ 'ಮರಿಯಾನಾ ಪಿನೇಡಾ' ಮೊದಲು ರಂಗ ಕಂಡಿದ್ದು 1927ರಲ್ಲಿ, ಬಾರ್ಸಿಲೋನಾದಲ್ಲಿ. ಆಡಿಸಿದವರು ಮಾರ್ಗರೀಟಾ ಶಿರ್ಗು ಎಂಬ ಕ್ಯಾಟಲನ್ ನಟಿ.

ನೀವು ಕೇಳಿದ್ದು ಈಗಿನ ನಾಟಕಗಳ ಬಗ್ಗೆ. ವರ್ಷಗಳಿಂದ ಈ ನಾಟಕಗಳನ್ನು ಓದುತ್ತಾ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹೊಸ ನಾಟಕ ಕೈಗೆ ಬಂದರೆ ಕಥೆಗಿಂತ ಮೊದಲು ಎರಡು ವಿಷಯ ನೋಡುತ್ತೇನೆ. ಇದು ಯಾವ ಊರಲ್ಲಿ ನಡೆಯುತ್ತೆ? ಪಾತ್ರಗಳಿಗೆ ಹೆಸರಿದೆಯಾ? ಕಳೆದ ನಲವತ್ತು ವರ್ಷಗಳ ಕ್ಯಾಟಲನ್ ನಾಟಕ ನನಗೆ ಅರ್ಥವಾಗಿದ್ದೇ ಈ ಎರಡು ಪ್ರಶ್ನೆಗಳಿಂದ. ಒಂದು ಕಾಲದಲ್ಲಿ ಅಲ್ಲಿನ ನಾಟಕಗಳಿಗೆ ಊರೇ ಇರಲಿಲ್ಲ. ಈಗ ಊರಿದೆ, ಕೇರಿ ಇದೆ, ಮನೆ ಬಾಡಿಗೆ ಎಷ್ಟು ಅನ್ನೋದೂ ಇದೆ. ಈ ಬದಲಾವಣೆ ತನ್ನಷ್ಟಕ್ಕೆ ತಾನೇ ಆಗಿದ್ದಲ್ಲ.

ಸ್ವಲ್ಪ ಹಿಂದಿನದು ಹೇಳಲೇಬೇಕು. 1939ರಲ್ಲಿ ಸ್ಪೇನ್‌ನ ಅಂತರ್ಯುದ್ಧ ಮುಗಿದು ಸರ್ವಾಧಿಕಾರಿ ಫ್ರಾಂಕೋ ಆಡಳಿತ ಬಂತು. ಕ್ಯಾಟಲನ್ ಶಾಲೆಯಿಂದ, ಕಚೇರಿಯಿಂದ, ಪತ್ರಿಕೆಯಿಂದ ಹೊರಬಿತ್ತು. 1946ರ ತನಕ ವೃತ್ತಿ ರಂಗದಲ್ಲಿ ಆ ಭಾಷೆಯ ನಾಟಕ ಆಡುವ ಹಾಗೇ ಇರಲಿಲ್ಲ. ಆಮೇಲೂ ಪ್ರತಿ ಹಸ್ತಪ್ರತಿ ಸೆನ್ಸಾರ್ ದಾಟಬೇಕಿತ್ತು. ನಾಟಕ ಅನ್ನೋದು ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ ಬೆಳೆಯುವ ಕಲೆ ಅಲ್ವಾ. ಒಂದು ತಲೆಮಾರು ಮಾತು ಕೇಳಿಸಿಕೊಳ್ಳದೇ ಹೋದರೆ ಮುಂದಿನವರಿಗೆ ಸಂಭಾಷಣೆ ಬರೆಯೋದು ಹೇಗೆ ಅಂತಲೇ ತಿಳಿಯೋದಿಲ್ಲ.

ಆ ಬರದಲ್ಲೂ ಬರೆದವರು ಜೋಸೆಪ್ ಮರಿಯಾ ಬೆನೆಟ್ ಇ ಜೊರ್ನೆಟ್. 1940ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡರು. 1964ರಲ್ಲಿ ರಂಗಕ್ಕೆ ಬಂದ ಅವರ ಮೊದಲ ನಾಟಕದ ಹೆಸರು 'ಗೊತ್ತಿರುವ ಹಳೆಯ ವಾಸನೆ'. ಬಾರ್ಸಿಲೋನಾದ ಬಡವರ ವಠಾರದ ಕಥೆ ಅದು. ಇವರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಎಪ್ಪತ್ತರ, ಎಂಬತ್ತರ ದಶಕದಲ್ಲಿ ಕ್ಯಾಟಲನ್ ರಂಗಭೂಮಿಗೆ ಜಗತ್ತಿನಲ್ಲಿ ಹೆಸರು ಬಂತು. ಆದರೆ ಬಂದದ್ದು ನಾಟಕಕಾರರಿಂದ ಅಲ್ಲ, ತಂಡಗಳಿಂದ. ಎಲ್ಸ್ ಜೋಗ್ಲಾರ್ಸ್, ಕೊಮೆಡಿಯಾಂಟ್ಸ್, ಲಾ ಫುರಾ ಡೆಲ್ಸ್ ಬಾವ್ಸ್, ಇವೆಲ್ಲ ಮುಖವಾಡ, ಬೆಂಕಿ, ಯಂತ್ರ, ಮೈಮಾತುಗಳ ರಂಗಭೂಮಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಲಾ ಫುರಾ ಕಟ್ಟಿದ ಕಡಲಿನ ದೃಶ್ಯವನ್ನು ನಮ್ಮಲ್ಲಿ ಹಿರಿಯರು ಕೆಲವರು ಟಿವಿಯಲ್ಲಿ ನೋಡಿರಬಹುದು. ಮಾತು ಕಡಿಮೆ ಇದ್ದರೆ ಸೆನ್ಸಾರ್ ಕಾಟವೂ ಕಡಿಮೆ, ಭಾಷೆಯ ಗಡಿಯೂ ಇಲ್ಲ. ಹಾಗಾಗಿ ಆ ದಾರಿ ಗಟ್ಟಿಯಾಯಿತು. 1976ರಲ್ಲಿ ಬಾರ್ಸಿಲೋನಾದ ಗ್ರಾಸಿಯಾ ಬಡಾವಣೆಯಲ್ಲಿ ಶುರುವಾದ ಟೆಯಾತ್ರೆ ಲ್ಯೂರೆ ಎಂಬ ರಂಗಮಂದಿರ ಚೆಕೊವ್, ಷೇಕ್ಸ್‌ಪಿಯರ್‌ರನ್ನು ಒಳ್ಳೆಯ ಕ್ಯಾಟಲನ್‌ನಲ್ಲಿ ಆಡಿತು. ನಡುವೆ ಸೊರಗಿದವರು ಬದುಕಿರುವ ಕ್ಯಾಟಲನ್ ನಾಟಕಕಾರರು. ಬರೆಯುತ್ತಿದ್ದರು, ಬಹುಮಾನ ಬರುತ್ತಿತ್ತು, ಪುಸ್ತಕವೂ ಆಗುತ್ತಿತ್ತು. ಆಡುವವರು ಮಾತ್ರ ಇರಲಿಲ್ಲ.

ಅವರಿಗೆ ದಾರಿ ತೆರೆದದ್ದು ಒಂದು ಪುಟ್ಟ ಕೋಣೆ. 1989ರಲ್ಲಿ ಜೋಸೆ ಸಾಂಚಿಸ್ ಸಿನಿಸ್ತೆರಾ ಎಂಬ ನಾಟಕಕಾರರು ಅದೇ ಗ್ರಾಸಿಯಾದಲ್ಲಿ ಸಾಲಾ ಬೆಕೆಟ್ ಎಂಬ ಸಣ್ಣ ರಂಗಮಂದಿರ ತೆರೆದರು. ವೆಲೆನ್ಸಿಯಾದಲ್ಲಿ ಹುಟ್ಟಿದವರು, ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಆದರೂ ಈಗಿನ ಕ್ಯಾಟಲನ್ ನಾಟಕ ಬರವಣಿಗೆಗೆ ಇವರಷ್ಟು ನೀರೆರೆದವರು ಕಡಿಮೆ. ಅವರು ಕಲಿಸುತ್ತಿದ್ದದ್ದು ಕಳೆಯುವ ಕಲೆ. ನಾಟಕಕಾರ ಗೊತ್ತಿರೋದನ್ನೆಲ್ಲ ಹೇಳಬಾರದು, ಒಂದೊಂದಾಗಿ ತೆಗೆಯುತ್ತಾ ಹೋಗಬೇಕು, ಉಳಿದ ಜಾಗವನ್ನು ಪ್ರೇಕ್ಷಕರು ತುಂಬುತ್ತಾರೆ ಅನ್ನೋದು ಅವರ ಪಾಠ. ಮಾತಿಗಿಂತ ಮೌನದಲ್ಲಿ ಹೆಚ್ಚು ಹೇಳಿದ ನಾಟಕಕಾರರಾದ ಸ್ಯಾಮ್ಯುಯೆಲ್ ಬೆಕೆಟ್, ಹೆರಾಲ್ಡ್ ಪಿಂಟರ್ ಅವರಿಗೆ ಮಾದರಿ.

ಆ ಗರಡಿಯಲ್ಲಿ ಬೆಳೆದ ಇಬ್ಬರ ಬಗ್ಗೆ ಹೇಳುತ್ತೇನೆ. ಒಬ್ಬರು 1963ರಲ್ಲಿ ಟೆರಾಸಾದಲ್ಲಿ ಹುಟ್ಟಿದ ಸೆರ್ಜಿ ಬೆಲ್ಬೆಲ್. ಅವರ 'ಕಾರೀಸಿಯೆಸ್', ಅಂದರೆ 'ಮುದ್ದುಗಳು', ತೊಂಬತ್ತರ ದಶಕದ ಆರಂಭದ್ದು. ಪ್ರತಿ ದೃಶ್ಯದಲ್ಲೂ ಇಬ್ಬರು. ಒಂದು ದೃಶ್ಯದ ಒಬ್ಬರು ಮುಂದಿನ ದೃಶ್ಯಕ್ಕೆ ದಾಟುತ್ತಾರೆ, ಹೀಗೆ ಸರಪಳಿ. ಪಾತ್ರಗಳಿಗೆ ಹೆಸರಿಲ್ಲ. ಯುವಕ, ಯುವತಿ, ಮುದುಕಿ, ಅಷ್ಟೇ. ಊರು ಯಾವುದೋ ಒಂದು ಊರು. ಮುದ್ದು ಅಂತ ಹೆಸರಿಟ್ಟ ನಾಟಕದಲ್ಲಿ ಹೊಡೆತ, ಬೈಗುಳ, ತಣ್ಣಗಿನ ಮಾತು ತುಂಬಿವೆ. ಒಂದು ನಿಜವಾದ ಮುದ್ದಿಗೆ ಕೊನೆಯವರೆಗೆ ಕಾಯಬೇಕು.

1993ರ ಅವರ 'ದೆಸ್ಪ್ರೆಸ್ ದೆ ಲಾ ಪ್ಲುಜಾ', 'ಮಳೆಯ ನಂತರ', ಇನ್ನೂ ಸೊಗಸು. ಒಂದು ಬಹುಮಹಡಿ ಕಚೇರಿಯ ತಾರಸಿ. ಕಚೇರಿಯಲ್ಲಿ ಸಿಗರೇಟು ನಿಷೇಧ. ಒಬ್ಬೊಬ್ಬರಾಗಿ ಕದ್ದು ಸೇದಲು ಮೇಲೆ ಬರುತ್ತಾರೆ. ಆ ಊರಿಗೆ ಎರಡು ವರ್ಷದಿಂದ ಮಳೆ ಬಂದಿಲ್ಲ. ಕಾರ್ಯದರ್ಶಿಗಳನ್ನು ಕೂದಲಿನ ಬಣ್ಣದಿಂದ ಗುರುತಿಸಬೇಕು, ಹೆಸರಿಲ್ಲ. ಇದರ ಫ್ರೆಂಚ್ ಪ್ರಯೋಗಕ್ಕೆ 1999ರಲ್ಲಿ ಅತ್ಯುತ್ತಮ ಹಾಸ್ಯ ನಾಟಕದ ಮೊಲಿಯೇರ್ ಪ್ರಶಸ್ತಿ ಬಂತು. ಕ್ಯಾಟಲನ್‌ನಲ್ಲಿ ಬರೆದ ನಾಟಕ ಪ್ಯಾರಿಸ್‌ನಲ್ಲಿ ಆ ಪ್ರಶಸ್ತಿ ಪಡೆದದ್ದು ಬಾರ್ಸಿಲೋನಾದ ಬರಹಗಾರರಿಗೆ ಎಷ್ಟು ಧೈರ್ಯ ಕೊಟ್ಟಿರಬಹುದು, ಯೋಚಿಸಿ.

ಇನ್ನೊಬ್ಬರು 1961ರಲ್ಲಿ ಬದಲೋನಾದಲ್ಲಿ ಹುಟ್ಟಿದ ಲ್ಯುಯೀಸಾ ಕುನಿಯೆ. ಇವರ ನಾಟಕ ಓದಿದರೆ ಮೊದಲಿಗೆ ಏನೂ ನಡೆಯುತ್ತಿಲ್ಲ ಅನಿಸುತ್ತೆ. ಇಬ್ಬರು ಭೇಟಿಯಾಗುತ್ತಾರೆ, ಸುಮ್ನೆ ಮಾತಾಡುತ್ತಾರೆ. ಮುಗಿದ ಮೇಲೆ ಗೊತ್ತಾಗುತ್ತೆ, ಅಲ್ಲೊಂದು ದೊಡ್ಡ ದುಃಖ ಇತ್ತು, ಯಾರೂ ಅದರ ಹೆಸರೆತ್ತಲಿಲ್ಲ ಅಂತ. ಸಂದರ್ಶನ ಕೊಡೋದು ಅಪರೂಪ. ಹತ್ತಾರು ನಾಟಕ ಬರೆದಿದ್ದಾರೆ. ಜೋರಾಗಿ ಓದಿಕೊಂಡಾಗ ಮೈ ನಡುಗುವ ಹಾಗೆ ಮಾಡುವ ಕ್ಯಾಟಲನ್ ನಾಟಕಕಾರರು ನನ್ನ ಮಟ್ಟಿಗೆ ಇವರೇ.

ಇದೇ ಹೊತ್ತಿಗೆ ಹಿರಿಯರಾದ ಬೆನೆಟ್ ಇ ಜೊರ್ನೆಟ್ ಕೂಡ ಬದಲಾದರು. 1989ರ 'ದೆಸಿಗ್', 'ಬಯಕೆ', ನಾಟಕದಲ್ಲಿ ಹೆಸರಿಲ್ಲದ ನಾಲ್ಕೇ ಪಾತ್ರ. 1991ರಲ್ಲಿ ಅದನ್ನು ನಿರ್ದೇಶಿಸಿದವರು ಬೆಲ್ಬೆಲ್. ಐವತ್ತರ ಹಿರಿಯರು ತಮಗಿಂತ ಇಪ್ಪತ್ತಮೂರು ವರ್ಷ ಚಿಕ್ಕವರಿಂದ ಹೊಸ ಬರವಣಿಗೆ ಕಲಿತ ಈ ಪ್ರಸಂಗ ನನಗೆ ತುಂಬಾ ಇಷ್ಟ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಕಾಲದ ನಾಟಕಗಳಿಗೆ ಯಾಕೆ ಊರಿರಲಿಲ್ಲ? ಬೆಕೆಟ್, ಪಿಂಟರ್ ಪ್ರಭಾವ ಅಂತ ಹೇಳಿ ಮುಗಿಸಬಹುದು. ಅದು ಪೂರ್ತಿ ಉತ್ತರ ಅಲ್ಲ. ಹಳ್ಳಿ ಸೊಗಡು, ದೇಶಾಭಿಮಾನ ಅಂತ ಹಳೆಯ ನಾಟಕಗಳು ಮಾಡಿದ್ದರ ಬಗ್ಗೆ ಯುವಕರಿಗೆ ಬೇಸರವೂ ಇತ್ತು. ಆದರೆ ದೊಡ್ಡ ಕಾರಣ ಭಾಷೆ ಅಂತ ನನ್ನ ನಂಬಿಕೆ. ಬಾರ್ಸಿಲೋನಾದ ಒಂದು ಬೀದಿಯ ಹೆಸರನ್ನು ನಾಟಕದಲ್ಲಿ ಬರೆದ ತಕ್ಷಣ ಒಂದು ತಕರಾರು ಏಳುತ್ತೆ. ಆ ಬೀದಿಯಲ್ಲಿ ನಿಜಕ್ಕೂ ಯಾರು ಯಾವ ಭಾಷೆ ಆಡುತ್ತಾರೆ? ಪೊಲೀಸ್, ತೆಂಕಣ ಸ್ಪೇನ್‌ನಿಂದ ದುಡಿಯಲು ಬಂದವರ ಮಕ್ಕಳು, ಬಾರ್‌ನಲ್ಲಿ ಗ್ಲಾಸ್ ತೊಳೆಯುವವನು, ಇವರೆಲ್ಲ ಮನೆಯಲ್ಲೂ ಬೀದಿಯಲ್ಲೂ ಸ್ಪ್ಯಾನಿಷ್ ಆಡುವವರಾಗಿದ್ದರೆ? ರಂಗದ ಮೇಲೆ ಎಲ್ಲರ ಬಾಯಲ್ಲೂ ಚೊಕ್ಕ ಕ್ಯಾಟಲನ್ ಹಾಕಿದರೆ ಪ್ರೇಕ್ಷಕರಿಗೆ ಸುಳ್ಳು ಅನಿಸುತ್ತೆ. ಅರ್ಧ ಸ್ಪ್ಯಾನಿಷ್ ಹಾಕಿದರೆ, ಇಷ್ಟು ವರ್ಷ ಬಾಯಿ ಕಟ್ಟಿದ್ದ ಭಾಷೆಗೆ ಸಿಕ್ಕ ರಂಗವನ್ನೂ ಬಿಟ್ಟುಕೊಟ್ಟ ಹಾಗೆ. ಈ ಇಕ್ಕಟ್ಟಿನಿಂದ ಪಾರಾಗಲು ಸುಲಭದ ದಾರಿ ಊರನ್ನೇ ತೆಗೆದುಬಿಡೋದು. ಹೆಸರಿಲ್ಲದ ಊರಿನಲ್ಲಿ ಯಾರು ಯಾವ ಭಾಷೆ ಆಡಿದರೂ ಯಾರೂ ಕೇಳೋದಿಲ್ಲ.

ಹಾಗೆ ಹುಟ್ಟಿದ ನಾಟಕಗಳು ಚೆನ್ನಾಗಿದ್ದವು, ಹೊರದೇಶಕ್ಕೆ ಹೋಗಲೂ ಸುಲಭವಾದವು. ಆದರೆ ಬಾರ್ಸಿಲೋನಾದವರು ತಮ್ಮ ಊರನ್ನು ತಮ್ಮ ಭಾಷೆಯ ಹೊಸ ನಾಟಕದಲ್ಲಿ ನೋಡಲಾಗುತ್ತಿರಲಿಲ್ಲ.

ನಿಮ್ಮ ಕೈಗೆ ಸಿಕ್ಕ ನಾಟಕ ಬಂದದ್ದು ಈ ಕಾಲದ ಕೊನೆಗೆ. 1997ರಲ್ಲಿ ಬಾರ್ಸಿಲೋನಾದಲ್ಲಿ ಕ್ಯಾಟಲೋನಿಯಾದ ರಾಷ್ಟ್ರೀಯ ರಂಗಮಂದಿರ ಅಧಿಕೃತವಾಗಿ ಉದ್ಘಾಟನೆಯಾಯಿತು. ಗ್ರೀಕ್ ದೇಗುಲದಂಥ ದೊಡ್ಡ ಕಟ್ಟಡ. ಇಷ್ಟು ದೊಡ್ಡ ಮನೆಯಲ್ಲಿ ಬದುಕಿರುವ ಲೇಖಕರಿಗೆ ಜಾಗ ಎಲ್ಲಿ ಅನ್ನೋ ಕೂಗು ಎದ್ದಿತು. 2002ರಲ್ಲಿ ಅಲ್ಲಿ ಟಿ6 ಅನ್ನೋ ಯೋಜನೆ ಶುರುವಾಯಿತು. ಕ್ಯಾಟಲನ್ ಲೇಖಕರಿಗೆ ಬರೆಯಲು ಹಣ, ಆಡಲು ರಂಗ, ಎರಡೂ ಕೊಡುವ ಯೋಜನೆ. ಅದರಲ್ಲೇ 2003ರಲ್ಲಿ ಜೊರ್ಡಿ ಗಾಲ್ಸೆರಾನ್ ಅವರ 'ಎಲ್ ಮೆಟೊಡೆ ಗ್ರೋನ್‌ಹೋಮ್' ಬಂತು. ನಿರ್ದೇಶನ ಬೆಲ್ಬೆಲ್ ಅವರದ್ದೇ. ಒಂದು ಕೆಲಸ, ನಾಲ್ವರು ಅಭ್ಯರ್ಥಿಗಳು, ಒಂದು ಕೋಣೆ. ಬಿಷಪ್, ವಿದೂಷಕ, ಗೂಳಿ ಕಾಳಗದವ, ರಾಜಕಾರಣಿ ಅಂತ ಟೋಪಿ ಹಾಕಿಕೊಂಡು, ಬೀಳುತ್ತಿರುವ ವಿಮಾನದ ಒಂದೇ ಪ್ಯಾರಾಚೂಟ್‌ಗೆ ವಾದ ಮಾಡುವ ದೃಶ್ಯ ನಿಮಗೆ ನೆನಪಿರಬೇಕು. ಅದು ಹತ್ತಾರು ದೇಶಗಳಲ್ಲಿ ಆಡಿದೆ. 2005ರಲ್ಲಿ ಅದರಿಂದ ಸಿನಿಮಾ ಕೂಡ ಬಂತು. ಗಾಲ್ಸೆರಾನ್ ಜನರಿಗೆ ಬೇಕಾದ ನಾಟಕ ಬರೆಯುತ್ತಾರೆ, ಅದರಲ್ಲಿ ಅವರಿಗೆ ಸಂಕೋಚ ಇಲ್ಲ. ಅವರಿಂದಾಗಿ ಕ್ಯಾಟಲನ್ ಹೊಸ ನಾಟಕ ಅಂದರೆ ಖಾಲಿ ಕುರ್ಚಿ ಅನ್ನೋ ಮಾತು ಹೋಯಿತು. ಇದು ಸಣ್ಣ ಕೆಲಸ ಅಲ್ಲ.

ತಿರುವು ಬಂದದ್ದು 2004ರ ಸುಮಾರಿಗೆ, ಮತ್ತೆ ಸಾಲಾ ಬೆಕೆಟ್‌ನಿಂದ. ಆಗ ಅದರ ನಿರ್ದೇಶಕರು ಟೋನಿ ಕಾಸಾರೆಸ್. ಅವರು ನಾಟಕಕಾರರಿಗೆ ನೇರವಾಗಿ ಒಂದು ಕೆಲಸ ಕೊಟ್ಟರು. ಆ ಸರಣಿಯ ಹೆಸರೇ 'ನಾಟಕ ನಡೆಯುವುದು ಬಾರ್ಸಿಲೋನಾದಲ್ಲಿ'. ನಿಮ್ಮ ಊರಿನ ಬಗ್ಗೆ ಬರೆಯಿರಿ, ಹೆಸರು ಹಾಕಿ ಬರೆಯಿರಿ, ಅಷ್ಟೇ ಷರತ್ತು. ಅಷ್ಟರಿಂದ ಏನೇನು ಹೊರಬಂತು ನೋಡಿ.

ಊರಿನ ಹೆಸರನ್ನೇ ಎತ್ತದ ಕುನಿಯೆ ಬರೆದದ್ದು 'ಬಾರ್ಸಿಲೋನಾ, ನೆರಳುಗಳ ನಕ್ಷೆ'. ಅಶಾಂಪ್ಲಾ ಬಡಾವಣೆಯ ಹಳೆಯ ಮನೆ. ವಯಸ್ಸಾದ ಗಂಡ ಹೆಂಡತಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಗಂಡನಿಗೆ ಸಾವು ಹತ್ತಿರ. ಕೊನೆಯ ದಿನಗಳಲ್ಲಿ ಇಬ್ಬರೇ ಇರಬೇಕು ಅಂತ ಬಾಡಿಗೆದಾರರನ್ನು ಒಬ್ಬೊಬ್ಬರಾಗಿ ಕರೆದು ಮನೆ ಬಿಡಲು ಹೇಳುತ್ತಾರೆ. ಗಂಡ ಹಿಂದೆ ಲಿಸೆಯು ಒಪೆರಾ ಮಂದಿರದಲ್ಲಿ ಬಾಗಿಲು ಕಾಯುವವನು. ಲಿಸೆಯು 1994ರ ಜನವರಿಯಲ್ಲಿ ಬೆಂಕಿಗೆ ಬಿತ್ತು, ಆ ಬೆಂಕಿ ಈ ಮನೆಯೊಳಗೂ ಬರುತ್ತೆ. ಒಂದು ಮನೆಯ ನಾಲ್ಕು ಗೋಡೆಯಲ್ಲಿ ಇಡೀ ಊರು ಕಾಣಿಸುತ್ತೆ. ಬಂದರಿನ ಊರು, ಒಂಟಿಗರ ಊರು, ತನ್ನ ಗುಟ್ಟುಗಳನ್ನು ಅಡಗಿಸಿಕೊಂಡ ಊರು. ಕಳೆಯುವ ಕಲೆಯನ್ನು ಇಲ್ಲೂ ಬಿಟ್ಟಿಲ್ಲ. ಹೆಸರು ಬಂದಿದೆ, ಮೌನ ಹೋಗಿಲ್ಲ. ಒಂದೇ ಕ್ಯಾಟಲನ್ ನಾಟಕ ಓದಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಅದೇ ವರ್ಷದ ಇನ್ನೊಂದು, 1974ರಲ್ಲಿ ಹುಟ್ಟಿದ ಪಾವ್ ಮಿರೊ ಅವರ 'ಪ್ಲೋವ್ ಅ ಬಾರ್ಸಿಲೋನಾ', 'ಬಾರ್ಸಿಲೋನಾದಲ್ಲಿ ಮಳೆ'. ರಾವಲ್ ಎಂಬ ಹಳೆಯ ಕೇರಿಯಲ್ಲಿ ಮೈ ಮಾರಿ ಬದುಕುವ ಹುಡುಗಿ, ಅವಳ ದುಡಿಮೆಯಲ್ಲಿ ತಿನ್ನುವವನು, ಅವಳ ಬಳಿ ಬರುವ ಒಬ್ಬ ಓದಿದ ಗಿರಾಕಿ. ಮೂರೇ ಪಾತ್ರ. ಚಾಕೊಲೇಟ್ ಸುತ್ತಿದ ಕಾಗದದಲ್ಲಿ ಬರುವ ದೊಡ್ಡವರ ಮಾತುಗಳನ್ನು ಅವಳು ಕೂಡಿಡುತ್ತಾಳೆ. ಇದು ಇಟಲಿಗೆ ಹೋದಾಗ ಏನಾಯಿತು ಗೊತ್ತಾ? ಅನುವಾದಿಸಿದ ನಟ ಎನ್ರಿಕೊ ಯಾನಿಯೆಲ್ಲೊ ಅದನ್ನು ಶಿಷ್ಟ ಇಟಾಲಿಯನ್‌ಗೆ ತರಲಿಲ್ಲ, ನೇಪಲ್ಸ್‌ನ ಆಡುಭಾಷೆಗೆ ತಂದರು. ಹೆಸರು 'ಕಿಯೊವೆ'. ಮುಂದೆ ಪಾವ್ ಮಿರೊ ಅವರ 'ಜೂಜುಕೋರರು' ನಾಟಕವನ್ನೂ ಹಾಗೇ ಮಾಡಿದರು. ನೀವು ಅನುವಾದಕ್ಕೆ ಇಳಿಯುವುದಾದರೆ ಈ ಉದಾಹರಣೆಯನ್ನು ಮರೆಯಬೇಡಿ.

ಇಲ್ಲಿ ಟಿವಿಯ ಮಾತೂ ಹೇಳಬೇಕು. ಕ್ಯಾಟಲನ್ ಟಿವಿ ವಾಹಿನಿ ಟಿವಿ3 ಶುರುವಾದದ್ದು 1983ರಲ್ಲಿ. 1994ರಲ್ಲಿ 'ಪೊಬ್ಲೆನೋವ್' ಎಂಬ ದಿನದ ಧಾರಾವಾಹಿ ಬಂತು, ಅದರ ಹಿಂದೆ ಇದ್ದವರು ಬೆನೆಟ್ ಇ ಜೊರ್ನೆಟ್. ಒಂದು ಬಡಾವಣೆಯ ಹೆಸರಿಟ್ಟುಕೊಂಡ ಧಾರಾವಾಹಿ. ಹಿಟ್ಟಿನ ಡಬ್ಬಿ, ಸಾಲ, ಅತ್ತೆ ಸೊಸೆ ಜಗಳ ಎಲ್ಲ ಕ್ಯಾಟಲನ್‌ನಲ್ಲಿ ನಡೆಯೋದನ್ನು ಜನ ದಿನಾ ಕೇಳಿದರು. ನಾಟಕಕಾರರು ಅನೇಕರು ಧಾರಾವಾಹಿ ಬರೆದು ಮನೆ ನಡೆಸಿದ್ದಾರೆ. ರಂಗದ ಸಂಭಾಷಣೆ ಸಡಿಲವಾಗಲು, ನಂಬುವ ಹಾಗಾಗಲು ಆ ದುಡಿಮೆಯ ಪಾಲು ದೊಡ್ಡದು.

ಜೊತೆಗೆ ಶಾಲೆ. 1983ರ ಭಾಷಾ ಕಾನೂನಿನ ನಂತರ ಕ್ಯಾಟಲನ್ ಶಾಲೆಗೆ ಗಟ್ಟಿಯಾಗಿ ಮರಳಿತು. ಎಪ್ಪತ್ತರ ದಶಕದ ಕೊನೆಗೆ ಹುಟ್ಟಿದವರಿಗೆ ತಮ್ಮ ಭಾಷೆಯಲ್ಲಿ ಬರೆಯೋದು ಹೋರಾಟ ಅನಿಸಲಿಲ್ಲ, ಸಹಜ ಅನಿಸಿತು. ಇವರಲ್ಲಿ ಒಬ್ಬರು 1978ರಲ್ಲಿ ಹುಟ್ಟಿದ ಜೊರ್ಡಿ ಕಾಸನೋವಸ್. ಇವರ ತಂಡ 2010ರಲ್ಲಿ ಸಾಂಟ್ಸ್ ಬಡಾವಣೆಯಲ್ಲಿ ಸಾಲಾ ಫ್ಲೈಹಾರ್ಡ್ ತೆರೆಯಿತು. ನಲವತ್ತರ ಆಸುಪಾಸು ಕುರ್ಚಿಗಳ ಕೋಣೆ ಅದು. ಮುಂದಿನ ಸಾಲಿನವರ ಮಂಡಿಗೆ ನಟರ ಕಾಲು ತಾಗುವಷ್ಟು ಹತ್ತಿರ. 2011ರ ಅವರ 'ಒಂದು ಕ್ಯಾಟಲನ್ ಕಥೆ' ಪಿರಿನೀಸ್ ಬೆಟ್ಟದ ಹಳ್ಳಿಯನ್ನೂ ನಗರದ ಅಂಚಿನ ಬಡ ಬಡಾವಣೆಯನ್ನೂ ಒಂದೇ ನಾಟಕದಲ್ಲಿ ತಂದಿತು. ಯಾರ ಮಾತು ಯಾರಿಗೆ ಸೇರಿದ್ದು ಅನ್ನೋದನ್ನು ಮುಚ್ಚಿಡಲಿಲ್ಲ.

ಆ ಹೊತ್ತಿಗೆ ಆರ್ಥಿಕ ಕುಸಿತ ಬಂದಾಗಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಸ್ಪೇನ್ ಸರ್ಕಾರ ನಾಟಕದ ಟಿಕೆಟ್ ಮೇಲಿನ ತೆರಿಗೆಯನ್ನು ಶೇ 8ರಿಂದ ಶೇ 21ಕ್ಕೆ ಏರಿಸಿತು. ಟಿ6 ಯೋಜನೆ 2013ಕ್ಕೆ ನಿಂತಿತು. ಎರಡು ಪಾತ್ರ, ಮೂರು ಪಾತ್ರ, ಒಂದೇ ಕೋಣೆ, ಒಂದೂವರೆ ಗಂಟೆ, ಹೀಗೆ ನಾಟಕಗಳು ಕುಗ್ಗಿದವು. ಇದನ್ನು ಹೊಸ ಶೈಲಿ ಅಂತ ಹೊಗಳಿದವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಬಹುಪಾಲು ಅದು ದುಡ್ಡಿಲ್ಲದ್ದರ ಫಲ. ಹತ್ತು ಪಾತ್ರದ ನಾಟಕ ತಲೆಯಲ್ಲಿದ್ದವರೂ ಮೂರಕ್ಕೆ ಇಳಿಸಿ ಬರೆದರು. ಆ ಇಕ್ಕಟ್ಟಿನಲ್ಲೂ ಕೆಲವರು ಅದ್ಭುತ ಮಾಡಿದರು ಅನ್ನೋದು ಬೇರೆ ಮಾತು.

ಹಾಗೆ ಮಾಡಿದವರಲ್ಲಿ 1977ರಲ್ಲಿ ವಿಕ್‌ನಲ್ಲಿ ಹುಟ್ಟಿದ ಜೋಸೆಪ್ ಮರಿಯಾ ಮಿರೊ ಮುಖ್ಯರು. ಅವರ 'ಎಲ್ ಪ್ರಿನ್ಸಿಪಿ ದಾರ್ಕಿಮೇಡೆಸ್', 'ಆರ್ಕಿಮಿಡೀಸ್ ತತ್ವ', 2011ರಲ್ಲಿ ನಾಟಕ ಬರವಣಿಗೆಗೆ ಕೊಡುವ ಬೋರ್ನ್ ಪ್ರಶಸ್ತಿ ಪಡೆದು 2012ರಲ್ಲಿ ರಂಗಕ್ಕೆ ಬಂತು. ಒಂದು ಈಜುಕೊಳ. ನೀರಿಗೆ ಹೆದರಿದ ಮಗುವಿಗೆ ಈಜು ಕಲಿಸುವ ಯುವಕ ಮುತ್ತು ಕೊಟ್ಟ ಅಂತ ಒಬ್ಬ ಹುಡುಗಿ ಮನೆಯಲ್ಲಿ ಹೇಳುತ್ತಾಳೆ. ಸಮಾಧಾನ ಮಾಡಿದ್ದಾ, ಬೇರೆ ಏನಾದರೂ ಇತ್ತಾ? ಅಪ್ಪ ಅಮ್ಮಂದಿರ ವಾಟ್ಸಾಪ್, ಫೇಸ್‌ಬುಕ್ ಕಾಲದ ಭಯ ಬಾಗಿಲಿಗೆ ಬಂದು ನಿಲ್ಲುತ್ತೆ. ನಾಟಕ ಕೊನೆಯವರೆಗೂ ತೀರ್ಪು ಕೊಡೋದಿಲ್ಲ. ದೃಶ್ಯಗಳು ಕಾಲದಲ್ಲಿ ಹಿಂದೆ ಮುಂದೆ ಹೋಗುತ್ತವೆ. ಕೆಲವು ದೃಶ್ಯ ಮತ್ತೆ ಬರುತ್ತವೆ, ಆದರೆ ರಂಗವನ್ನು ತಿರುಗಿಸಿ, ಇನ್ನೊಂದು ಕಡೆಯಿಂದ. ಮೊದಲ ಸಲ ಬೆನ್ನು ಮಾತ್ರ ಕಂಡವನ ಮುಖ ಈಗ ಕಾಣುತ್ತೆ. ನಮ್ಮ ಅನುಮಾನವೂ ಜಾಗ ಬದಲಿಸುತ್ತೆ. ಇದರಿಂದ ಕ್ಯಾಟಲೋನಿಯಾದಲ್ಲೂ ಬ್ರೆಜಿಲ್‌ನಲ್ಲೂ ಸಿನಿಮಾ ಆಗಿದೆ.

ಮಿರೊ ಅಲ್ಲಿಗೆ ನಿಲ್ಲಲಿಲ್ಲ. 2020ರಲ್ಲಿ ಬೋರ್ನ್ ಪ್ರಶಸ್ತಿ ಪಡೆದ ನಾಟಕದ ಹೆಸರು 'ಈ ಜಾಗದಲ್ಲಿ ಇನ್ನೆಂದೂ ಸಿಗದಷ್ಟು ಚೆಂದದ ದೇಹ'. ಹಳ್ಳಿಯೊಂದರ ಹೊಲದಲ್ಲಿ ಹದಿನೇಳು ವರ್ಷದ ಆಲ್ಬರ್ಟ್‌ನ ಹೆಣ ಸಿಗುತ್ತೆ. ಊರಿನವರೆಲ್ಲ ಮಾತಾಡುತ್ತಾರೆ. ಆಡುವವರು ಒಬ್ಬರೇ. ಮೊದಲ ಪ್ರಯೋಗದಲ್ಲಿ ಪೆರೆ ಆರ್ಕಿಲ್ಯುಯೆ ಎಂಬ ನಟ ವೇಷ ಬದಲಿಸದೆ, ಒಂದೇ ಮೈಯಲ್ಲಿ ತಾಯಿಯೂ ಗೆಳೆಯನೂ ಊರಿನವರೂ ಆದರು. 2022ರಲ್ಲಿ ಇದಕ್ಕೆ ಸ್ಪೇನ್‌ನ ರಾಷ್ಟ್ರೀಯ ನಾಟಕ ಸಾಹಿತ್ಯ ಪ್ರಶಸ್ತಿ ಬಂತು. ಇದಕ್ಕೆ ಮೊದಲು 2010ರಲ್ಲಿ ಕುನಿಯೆ, 2020ರಲ್ಲಿ ಗಿಲ್ಯೆಮ್ ಕ್ಲೂವಾ ಅದೇ ಪ್ರಶಸ್ತಿ ಪಡೆದಿದ್ದರು. ಕ್ಲೂವಾ ಅವರ ಹಗುರವಾದ ಪ್ರೇಮ ನಾಟಕ 'ಸ್ಮೈಲಿ' 2012ರಲ್ಲಿ ಸಣ್ಣ ರಂಗದಲ್ಲಿ ಶುರುವಾಗಿ 2022ಕ್ಕೆ ನೆಟ್‌ಫ್ಲಿಕ್ಸ್ ಸರಣಿಯಾಯಿತು.

ಒಬ್ಬರೇ ಆಡುವ ನಾಟಕಗಳಲ್ಲಿ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಮಯೋರ್ಕಾದ ಮನಕೋರ್‌ನವರಾದ ಟೋನಿ ಗೊಮಿಲಾ ಅವರ 'ಅಕೊರಾರ್', 2011ರದ್ದು. ಅಕೊರಾರ್ ಅಂದರೆ ಹಂದಿಯ ಎದೆಗೆ ಚೂರಿ ಇಳಿಸೋದು. ಮನೆಮಂದಿಯೆಲ್ಲ ಸೇರಿ ವರ್ಷಕ್ಕೊಮ್ಮೆ ಹಂದಿ ಕಡಿದು ಸಾಸೇಜು ಮಾಡಿಡುವ ದಿನದ ಕಥೆ. ಬಾರ್ಸಿಲೋನಾದ ಶಿಷ್ಟ ಕ್ಯಾಟಲನ್ ಇಲ್ಲಿಲ್ಲ. ಪೂರ್ತಿ ಮಯೋರ್ಕಾದ ಮಾತು. ಆ ದ್ವೀಪದ ಹೊಲ, ಅಡುಗೆ, ಅಲ್ಲಿನ ಪದಗಳು ಪ್ರವಾಸಿಗರ ಹೋಟೆಲುಗಳ ನಡುವೆ ಹೇಗೆ ಉಸಿರು ಕಳೆದುಕೊಳ್ಳುತ್ತಿವೆ ಅನ್ನೋದನ್ನು ಒಬ್ಬ ನಟ ನಮ್ಮ ಮುಂದೆ ನಿಂತು ಹೇಳುತ್ತಾನೆ. ಕ್ಯಾಟಲನ್ ನಾಟಕ ಅಂದರೆ ಬಾರ್ಸಿಲೋನಾ ಮಾತ್ರ ಅಂದುಕೊಳ್ಳುವವರಿಗೆ ಇದೇ ಉತ್ತರ.

ಈಚಿನ ಹತ್ತು ವರ್ಷದಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟಿರುವುದು ಹೆಂಗಸರ ಬರವಣಿಗೆ. ಕುನಿಯೆ ಬರೆಯತೊಡಗಿದಾಗ ಅವರ ಜೊತೆಗೆ ಕೆಲವರೇ ಇದ್ದರು. ಈಗ ಹಾಗಿಲ್ಲ. ಕ್ಲಾವ್ಡಿಯಾ ಸೆಡೊ 2018ರಲ್ಲಿ ಸಾಲಾ ಬೆಕೆಟ್‌ಗೆ 'ಬಯಲಲ್ಲೊಂದು ಹೆಣ್ಣುನಾಯಿ' ಬರೆದರು. ಐದು ತಿಂಗಳು ತುಂಬಿದ ಮೇಲೆ ಹೊಟ್ಟೆಯ ಮಗುವನ್ನು ಕಳೆದುಕೊಳ್ಳುವ ಹೆಂಗಸಿನ ಕಥೆ, ಅವರದ್ದೇ ಅನುಭವದಿಂದ ಬಂದದ್ದು. ಆಸ್ಪತ್ರೆಯಲ್ಲಿ ನಡೆಯುವುದು, ಮನೆಯವರು ಹೇಳಲಾಗದೆ ಬಿಡುವ ಮಾತು, ಇದೆಲ್ಲ ರಂಗಕ್ಕೆ ಬರುವುದು ಎಷ್ಟು ಅಪರೂಪ. ಇದೇ ಸೆಡೊ ಬನ್ಯೊಲೆಸ್ ಊರಿನಲ್ಲಿ ಅಂಗವಿಕಲರ, ಕಷ್ಟದಲ್ಲಿರುವವರ ಜೊತೆ ವರ್ಷಗಳಿಂದ ನಾಟಕ ಮಾಡುತ್ತಿದ್ದಾರೆ. ಆ ಕೆಲಸದಿಂದ ಹುಟ್ಟಿದ್ದು 2021ರ 'ಮಾರೆ ದೆ ಸುಕ್ರೆ', 'ಸಕ್ಕರೆ ಅಮ್ಮ'. ಬುದ್ಧಿಮಾಂದ್ಯತೆ ಇರುವ ಹುಡುಗಿಯೊಬ್ಬಳು ತಾಯಿಯಾಗಬೇಕು ಅಂತಾಳೆ. ಅದನ್ನು ನಿರ್ಧರಿಸುವ ಹಕ್ಕು ಯಾರದ್ದು? ಆಡಿದ್ದು ರಾಷ್ಟ್ರೀಯ ರಂಗಮಂದಿರದಲ್ಲಿ, ಅಂಥ ನಟರೂ ರಂಗದ ಮೇಲಿದ್ದರು.

ಇನ್ನು ಕೆಲವರು ಹೊರಗಿನಿಂದ ಬಂದವರು. ವಿಕ್ಟೋರಿಯಾ ಸ್ಪುನ್‌ಬರ್ಗ್ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, ಮರಿಲಿಯಾ ಸಾಂಪೆರ್ ಬ್ರೆಜಿಲ್‌ನಲ್ಲಿ, ಡೆನಿಸ್ ಡಂಕನ್ ಕೋಸ್ಟರಿಕಾದಲ್ಲಿ. ಸಾಂಪೆರ್ ಅವರ 'ಲಲೆಗ್ರಿಯಾ', 'ಸಂತೋಷ', ಗಾಲಿಕುರ್ಚಿಯ ಮಗನಿಗಾಗಿ ಕಟ್ಟಡದ ಬಾಗಿಲಿಗೆ ಒಂದು ಇಳಿಜಾರು ಹಾಕಿಸಲು ಒದ್ದಾಡುವ ತಾಯಿಯ ಕಥೆ. ಬರೀ ಒಂದು ಇಳಿಜಾರು. ಅಕ್ಕಪಕ್ಕದವರ ಒಳ್ಳೆಯತನ ಎಷ್ಟು ದೂರ ಬರುತ್ತೆ ಅಂತ ಅಳೆಯಲು ಅಷ್ಟು ಸಾಕಾಯಿತು. ಸ್ಪುನ್‌ಬರ್ಗ್ ಅವರ 'ಲಿಂಪೆರಾಟಿಯು ಕಟೆಗೋರಿಕ್', 'ನಿರಪೇಕ್ಷ ಆದೇಶ', 2024ರಲ್ಲಿ ಟೆಯಾತ್ರೆ ಲ್ಯೂರೆಯಲ್ಲಿ ಬಂದದ್ದು, ತತ್ವಶಾಸ್ತ್ರದ ಒಬ್ಬ ಅರೆಕಾಲಿಕ ಪ್ರಾಧ್ಯಾಪಕಿಯ ಕಥೆ. ಕ್ಲಾಸಿನಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಹೇಳುವ ನೀತಿ ಕಲಿಸುತ್ತಾರೆ. ಹೊರಗೆ ಬಾರ್ಸಿಲೋನಾದಲ್ಲಿ ತಮ್ಮ ಸಂಬಳಕ್ಕೆ ಸಿಗುವ ಒಂದು ಬಾಡಿಗೆ ಮನೆಗಾಗಿ ಅಲೆಯುತ್ತಾರೆ. ಊರಿನ ಹೆಸರೇ ಇಲ್ಲದ ನಾಟಕಗಳಿಂದ ಶುರುವಾದ ದಾರಿ ಮನೆ ಬಾಡಿಗೆಯ ತನಕ ಬಂದಿದೆ ಅಂತ ಮೊದಲೇ ಹೇಳಿದ್ದು ಇದನ್ನೇ ನೆನೆದು.

ಲಾ ಕಲೋರಿಕಾ ಅನ್ನೋ ತಂಡವನ್ನೂ ಗಮನಿಸಿ, ಅವರಿಗೆ ಬರೆಯುವವರು ಜುವಾನ್ ಯಾಗೊ. 2017ರ 'ಫೇರ್‌ಫ್ಲೈ' ನಾಟಕದಲ್ಲಿ ಕೆಲಸ ಕಳೆದುಕೊಳ್ಳಲಿರುವ ನಾಲ್ವರು ಹುಳುಗಳಿಂದ ಮಕ್ಕಳ ಆಹಾರ ಮಾಡುವ ಸ್ಟಾರ್ಟಪ್ ಶುರು ಮಾಡುತ್ತಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಏರಿ ಓಡುವ ನಾಟಕ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಿಮ್ಮ ಗೆಳೆಯರಿಗೆ ಇದರ ಒಂದೊಂದು ಸಾಲೂ ಅರ್ಥವಾಗುತ್ತೆ.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಹೊಸ ನಾಟಕ ಕೆಲವು ವಾರ ಆಡುತ್ತೆ, ಮುಗಿಯುತ್ತೆ. ಎರಡನೇ ನಿರ್ದೇಶಕ ಅದನ್ನು ಮತ್ತೆ ಎತ್ತಿಕೊಳ್ಳುವುದು ಕಡಿಮೆ. ಹಾಗಾಗಿ ಒಳ್ಳೆಯ ನಾಟಕವೂ ಜನರ ನೆನಪಿನಲ್ಲಿ ಕೂರುವಷ್ಟು ಹೊತ್ತು ನಿಲ್ಲೋದಿಲ್ಲ. ಮ್ಯಾಡ್ರಿಡ್‌ನ ಮಾರುಕಟ್ಟೆ ದೊಡ್ಡದು, ಹೆಸರು ಮಾಡಿದವರು ಸ್ಪ್ಯಾನಿಷ್‌ನಲ್ಲೂ ಬರೆಯುತ್ತಾರೆ. ಕಾಸನೋವಸ್ ಅವರ ಹೆಚ್ಚು ಸದ್ದು ಮಾಡಿದ ದಾಖಲೆ ನಾಟಕಗಳು, ನ್ಯಾಯಾಲಯದ ಮಾತುಗಳನ್ನೇ ಜೋಡಿಸಿದ ಅವರ 2019ರ 'ಹಾವುರಿಯಾ' ಸೇರಿ, ಸ್ಪ್ಯಾನಿಷ್‌ನವು. ಅವರನ್ನು ದೂರಲಾಗದು, ಹೊಟ್ಟೆಪಾಡು. ಎಲ್ಲಕ್ಕಿಂತ ದೊಡ್ಡ ಚಿಂತೆ ಕೇಳುವವರದ್ದು. 2023ರ ಸಮೀಕ್ಷೆಯಂತೆ ಕ್ಯಾಟಲೋನಿಯಾದಲ್ಲೇ ದಿನನಿತ್ಯ ಮುಖ್ಯವಾಗಿ ಕ್ಯಾಟಲನ್ ಬಳಸುವವರು ಸುಮಾರು ಮೂರರಲ್ಲಿ ಒಬ್ಬರು. ಬರವಣಿಗೆ ಇಷ್ಟು ಗಟ್ಟಿಯಾಗಿರುವ ಹೊತ್ತಿನಲ್ಲೇ ಬೀದಿಯಲ್ಲಿ ಭಾಷೆ ತೆಳ್ಳಗಾಗುತ್ತಿದೆ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತೆ.

ಇನ್ನು ನಿಮ್ಮ ತಂಡದ ವಿಷಯ. ಗ್ರೋನ್‌ಹೋಮ್ ಆಡಬೇಡಿ ಅಂತ ಹೇಳೋದಿಲ್ಲ, ಆದರೆ ಅದು ಎಲ್ಲರಿಗೂ ಗೊತ್ತಿರುವ ಬಾಗಿಲು. ಇಬ್ಬರು ಗಟ್ಟಿ ನಟರಿದ್ದರೆ ವೆಲೆನ್ಸಿಯಾದ ರೊಡೋಲ್ಫ್ ಸಿರೇರಾ ಅವರ 1978ರ 'ಎಲ್ ವೆರಿ ದೆಲ್ ಟೆಯಾತ್ರೆ', 'ರಂಗದ ವಿಷ', ನೋಡಿ. ಹದಿನೆಂಟನೇ ಶತಮಾನದ ಪ್ಯಾರಿಸ್‌ನಲ್ಲಿ ಒಬ್ಬ ಶ್ರೀಮಂತ, ಅವನು ಕರೆಸಿಕೊಂಡ ಒಬ್ಬ ನಟ. ಸಾವನ್ನು ನಟಿಸಬೇಕು ಅಂತ ಕೇಳುತ್ತಾನೆ, ಆಟ ಎಲ್ಲಿ ಮುಗಿಯಿತು ಅನ್ನೋದು ನಟನಿಗೆ ತಡವಾಗಿ ತಿಳಿಯುತ್ತೆ. ನಾಲ್ವರಿದ್ದರೆ 'ಆರ್ಕಿಮಿಡೀಸ್ ತತ್ವ'. ನಮ್ಮ ಯಾವುದೇ ಊರಿನ ಈಜುಕೊಳ, ಶಾಲಾ ವ್ಯಾನು, ಟ್ಯೂಷನ್ ಮನೆಯ ಭಯ ಅದರಲ್ಲಿದೆ.

ಅನುವಾದ ಇಂಗ್ಲಿಷ್‌ನಿಂದಲೇ ಮಾಡಬೇಕಾಗುತ್ತೆ, ಪರವಾಗಿಲ್ಲ. ಕ್ಯಾಟಲನ್‌ಡ್ರಾಮಾ ಎಂಬ ಜಾಲತಾಣದಲ್ಲಿ ಬೇರೆ ಬೇರೆ ಭಾಷೆಗೆ ಆದ ಅನುವಾದಗಳ ವಿವರ ಸಿಗುತ್ತೆ. ಸ್ಪ್ಯಾನಿಷ್ ಬಲ್ಲವರು ಯಾರಾದರೂ ಇದ್ದರೆ ಇಂಗ್ಲಿಷ್ ಜೊತೆಗೆ ಅದನ್ನೂ ಇಟ್ಟುಕೊಳ್ಳಿ, ಬೈಗುಳ ಮತ್ತು ತಮಾಷೆ ಇಂಗ್ಲಿಷ್‌ನಲ್ಲಿ ಹೆಚ್ಚು ಸೋರಿಹೋಗುತ್ತೆ. ಆಡುವ ಮೊದಲು ಲೇಖಕರ ಅಥವಾ ಅವರ ಏಜೆಂಟರ ಅನುಮತಿ ಬರಹದಲ್ಲಿ ಪಡೆಯಿರಿ. ಹವ್ಯಾಸಿ ತಂಡ ಅಂತ ಬಿಡುವ ಹಾಗಿಲ್ಲ. ಕ್ಯಾಟಲನ್ ಸಾಹಿತ್ಯ ಹೊರಗೆ ಹೋಗಲು ನೆರವಾಗುವ ರಾಮೊನ್ ಯುಲ್ ಸಂಸ್ಥೆ ಬಾರ್ಸಿಲೋನಾದಲ್ಲಿದೆ, ಅನುವಾದಕ್ಕೆ ಧನಸಹಾಯವನ್ನೂ ಕೊಡುತ್ತೆ. ಅವರಿಗೆ ಒಂದು ಪತ್ರ ಬರೆಯಿರಿ.

ಯಾವ ಕನ್ನಡ ಅನ್ನೋದು ಮಾತ್ರ ಮೊದಲೇ ತೀರ್ಮಾನವಾಗಲಿ. ಪುಸ್ತಕದ ಕನ್ನಡ ಹಾಕಿದರೆ ಈಜು ಕಲಿಸುವವನ ಬಾಯಲ್ಲಿ ಮಾತು ಒಣಗುತ್ತೆ. ನೇಪಲ್ಸ್‌ನವರು ಮಾಡಿದ ಹಾಗೆ ನಿಮ್ಮ ನಟರು ರಿಹರ್ಸಲ್ ಮುಗಿಸಿ ಟೀ ಕುಡಿಯುವಾಗ ಆಡುವ ಶಿವಮೊಗ್ಗದ ಕನ್ನಡ ತೆಗೆದುಕೊಳ್ಳಿ. ತಂಡದಲ್ಲಿ ಮನೆಮಾತು ಉರ್ದು, ತುಳು, ಲಂಬಾಣಿ ಇರುವವರಿದ್ದರೆ ಅವರ ಮಾತಿನ ಲಯವನ್ನು ತಿದ್ದಲು ಹೋಗಬೇಡಿ. ಪೂರ್ತಿ ಅನುವಾದಕ್ಕೆ ಕೂರುವ ಮೊದಲು 'ಆರ್ಕಿಮಿಡೀಸ್ ತತ್ವ'ದ ಮೊದಲ ದೃಶ್ಯವನ್ನಷ್ಟೇ ಕನ್ನಡಕ್ಕೆ ತಂದು, ಒಂದು ಸಂಜೆ ಓದಿ. ಒಮ್ಮೆ ಓದಿ, ಆಮೇಲೆ ಬೆಂಚುಗಳನ್ನು ತಿರುಗಿಸಿ, ನೋಡುವವರನ್ನು ಎದುರು ಗೋಡೆಯ ಕಡೆ ಕೂರಿಸಿ, ಅದೇ ದೃಶ್ಯವನ್ನು ಮತ್ತೆ ಓದಿ. ಎರಡನೇ ಸಲ ಅವರು ಯಾರ ಮುಖ ನೋಡುತ್ತಿದ್ದರು ಅಂತ ನನಗೆ ಬರೆದು ತಿಳಿಸಿ.